ಒಲೆಯ ಹೊಗೆ ಹಿಡಿದು ಫಿಲಿಪ್ಪೀನ್ಸ್

ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ಪರದೆ ಮೇಲೆ ಮೊದಲು ಕಾಣುತ್ತಿರುವುದು ನಾನು ತೆಗೆದ ಫೋಟೋ ಅಲ್ಲ. ಅದು ಫಿಲಿಪ್ಪೀನ್ಸ್ ದೇಶದ ದುಡ್ಡು. 2010ರಲ್ಲಿ ಬಂದ ನೋಟುಗಳ ಹಿಂಬದಿ. 20 ಪೆಸೊ ನೋಟಿನಲ್ಲಿ ಬನಾವೆಯ ಮೆಟ್ಟಿಲು ಗದ್ದೆಗಳು. 50ರಲ್ಲಿ ತಾಲ್ ಸರೋವರ. 100ರಲ್ಲಿ ಮಯೋನ್ ಜ್ವಾಲಾಮುಖಿ. 200ರಲ್ಲಿ ಬೊಹೋಲ್ ದ್ವೀಪದ ಚಾಕೊಲೇಟ್ ಬೆಟ್ಟಗಳು. 500ರಲ್ಲಿ ಪಲವಾನ್‌ನ ನೆಲದೊಳಗೆ ಹರಿಯುವ ನದಿ. 1000ದಲ್ಲಿ ತುಬ್ಬತಾಹ ಎಂಬ ಹವಳದ ದಿಬ್ಬ. ಕ್ಯಾಮೆರಾ ಹೊತ್ತು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದಿಲ್ಲ. ನಾನೂ ಇದನ್ನೇ ಹಿಡಿದು ಹೊರಟವನು.

ಈ ಜಾಗಗಳೆಲ್ಲ ಚೆಂದ. ಅದರಲ್ಲಿ ಎರಡು ಮಾತಿಲ್ಲ. ಆದರೆ ನೋಟಿನ ಹಿಂಬದಿಯಲ್ಲಿ ಜಾಗ ಇದೆ, ಪಕ್ಕದಲ್ಲಿ ಒಂದು ಪ್ರಾಣಿಯೋ ಹಕ್ಕಿಯೋ ಇದೆ, ಅಲ್ಲಿ ದುಡಿಯುವ ಜನ ಇಲ್ಲ. ಗದ್ದೆಯ ಗೋಡೆ ಕಟ್ಟುವವರು, ಬೆಂಕಿ ಉಗುಳುವ ಬೆಟ್ಟದ ಬುಡದಲ್ಲಿ ತೆಂಗು ನೆಡುವವರು, ದೋಣಿ ನಡೆಸುವವರು, ಯಾರೂ ಇಲ್ಲ. ಅವರನ್ನು ಹುಡುಕಲು ನನಗೆ ಸಿಕ್ಕ ದಾರಿ ಊಟ. ಎಲ್ಲಿ ಒಲೆ ಉರಿಯುತ್ತಿದೆಯೋ ಅಲ್ಲಿಗೆ ಹೋಗುವುದು, ತಿನ್ನುವುದು, ಈ ಅಕ್ಕಿ ಎಲ್ಲಿಂದ ಬಂತು, ಈ ಕಾಯಿ ಯಾರ ತೋಟದ್ದು ಅಂತ ಕೇಳುವುದು. ಹಾಗೆ ಕೇಳುತ್ತಾ ಹೋದರೆ ಒಂದಲ್ಲ ಒಂದು ಒಳ್ಳೆ ಚಿತ್ರದ ಮುಂದೆ ನಿಂತಿರುತ್ತೇವೆ. ಇವತ್ತು ನಾನು ಹೇಳುವುದು ಆ ದಾರಿಯ ಬಗ್ಗೆ.

ದೇಶದ ಪರಿಚಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಅಲ್ಲಿ 7,641 ದ್ವೀಪಗಳಿವೆ. ಉತ್ತರದಲ್ಲಿ ಲುಜೋನ್, ನಡುವೆ ವಿಸಾಯಸ್, ದಕ್ಷಿಣದಲ್ಲಿ ಮಿಂಡನಾವೊ. 1565ರಿಂದ 1898ರವರೆಗೆ ಸ್ಪೇನಿನ ಆಳ್ವಿಕೆ. ಆಮೇಲೆ ಅಮೆರಿಕ, ನಡುವೆ ಜಪಾನಿನ ಆಕ್ರಮಣ, 1946ರಲ್ಲಿ ಸ್ವಾತಂತ್ರ್ಯ. ಈ ಎಲ್ಲದರ ಗುರುತು ತಟ್ಟೆಯಲ್ಲೂ ಇದೆ, ಬೀದಿಯಲ್ಲೂ ಇದೆ.

ಫೋಟೋ ತೆಗೆಯುವವರಿಗೆ ಒಂದು ಅನುಕೂಲ ಹೇಳಿಬಿಡುತ್ತೇನೆ. ಮನಿಲಾ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಬೆಂಗಳೂರು 13ರಲ್ಲಿದೆ. ಅಂದರೆ ಸೂರ್ಯ ಏರುವ ರೀತಿ, ಇಳಿಯುವ ರೀತಿ ಹೆಚ್ಚುಕಡಿಮೆ ನಮ್ಮದೇ. ಬೆಳಗಿನ ಚಿನ್ನದ ಬೆಳಕು ಬಂದಷ್ಟೇ ಬೇಗ ಹೋಗುತ್ತದೆ. ಒಂಬತ್ತು ಗಂಟೆಯ ಮೇಲೆ ನೆರಳು ಗಟ್ಟಿಯಾಗಿ ಮುಖದ ಮೇಲೆ ಬೀಳುತ್ತದೆ. ಸಂಜೆ ಮುಳುಗಿದ ಮೇಲೆ ಕತ್ತಲಾಗಲು ಜಾಸ್ತಿ ಹೊತ್ತು ಬೇಡ. ನಮ್ಮ ಕರಾವಳಿಯಲ್ಲಿ ಫೋಟೋ ತೆಗೆದು ಅಭ್ಯಾಸ ಇದ್ದವರಿಗೆ ಅಲ್ಲಿಯ ಬೆಳಕು ಹೊಸತಲ್ಲ. ಸೆಕೆ ಮತ್ತು ತೇವವೂ ಹಾಗೇ. ಏಸಿ ರೂಮಿನಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಅದಕ್ಕೇ ಬೆಳಗ್ಗೆ ಹೊರಡುವ ಮೊದಲೇ ಚೀಲವನ್ನು ಹೊರಗಿನ ಗಾಳಿಗೆ ಇಟ್ಟುಬಿಡಬೇಕು.

ಮನಿಲಾದಲ್ಲಿ ಬೆಳಗು ಶುರುವಾಗುವುದು ಒಂದು ಕೂಗಿನಿಂದ. "ತಾಹೋ..." ಅಂತ ಉದ್ದಕ್ಕೆ ಎಳೆದು ಕೂಗುತ್ತಾ ಒಬ್ಬ ಬರುತ್ತಾನೆ. ಹೆಗಲ ಮೇಲೆ ಅಡ್ಡ ಕೋಲು, ಎರಡು ಕಡೆ ಎರಡು ಅಲ್ಯೂಮಿನಿಯಂ ಡಬ್ಬಿ. ಒಂದರಲ್ಲಿ ಸೋಯಾ ಹಾಲಿನಿಂದ ಮಾಡಿದ ಬಿಸಿಬಿಸಿ ಮೆತ್ತನೆ ಗಡ್ಡೆ. ಇನ್ನೊಂದರಲ್ಲಿ ಬೆಲ್ಲದಂಥ ಸಕ್ಕರೆ ಪಾಕ ಮತ್ತು ಸಾಬುದಾನಿ. ಲೋಟಕ್ಕೆ ಪದರ ಪದರವಾಗಿ ಹಾಕಿ ಕೊಡುತ್ತಾನೆ. ಬೆಳಗಿನ ಆರು ಗಂಟೆಯ ಬೆಳಕಿನಲ್ಲಿ ಆ ಡಬ್ಬಿಯ ಮುಚ್ಚಳ ತೆಗೆದಾಗ ಏಳುವ ಆವಿ ಇದೆಯಲ್ಲ, ಅದನ್ನು ಎದುರು ಬೆಳಕಿನಲ್ಲಿ ಹಿಡಿಯಬೇಕು. ನಾನು ಕೊಂಡು ಕುಡಿದು, ಅವನ ಜೊತೆ ಎರಡು ಬೀದಿ ನಡೆದೆ. ಅವನು ನಿಂತಲ್ಲೆಲ್ಲ ಬಾಗಿಲು ತೆರೆಯಿತು. ಶಾಲೆಗೆ ಹೊರಟ ಮಕ್ಕಳು, ಪೊರಕೆ ಹಿಡಿದ ಅಜ್ಜಿ, ರಾತ್ರಿ ಪಾಳಿ ಮುಗಿಸಿ ಬಂದ ಕಾಲ್ ಸೆಂಟರ್ ಹುಡುಗಿ. ಊರಿನ ಪರಿಚಯ ಮಾಡಿಕೊಡಲು ಬೇರೆ ಗೈಡ್ ಬೇಕಾಗಲಿಲ್ಲ.

ಹಳೆ ಮನಿಲಾ ಅಂದರೆ ಇಂಟ್ರಾಮುರೋಸ್. 1571ರಲ್ಲಿ ಸ್ಪೇನಿನವರು ಶುರು ಮಾಡಿದ ಕೋಟೆಯೊಳಗಿನ ಊರು. 1945ರ ಫೆಬ್ರವರಿ-ಮಾರ್ಚ್‌ನಲ್ಲಿ ಮನಿಲಾ ಯುದ್ಧ ನಡೆದಾಗ ಇದು ನೆಲಸಮವಾಯಿತು. ಆ ಒಂದು ತಿಂಗಳಲ್ಲಿ ನಗರದ ಸುಮಾರು ಒಂದು ಲಕ್ಷ ಜನ ಸತ್ತರು. ಕೋಟೆಯೊಳಗಿದ್ದ ಚರ್ಚುಗಳಲ್ಲಿ ಉಳಿದದ್ದು ಒಂದೇ, 1607ರಲ್ಲಿ ಕಟ್ಟಿ ಮುಗಿಸಿದ ಸಾನ್ ಅಗುಸ್ಟಿನ್. ಅದರೊಳಗೆ ನಿಂತು ಚಾವಣಿಯ ಚಿತ್ರ ತೆಗೆಯುವಾಗ ಈ ಸಂಗತಿ ತಲೆಯಲ್ಲಿದ್ದರೆ ಚಿತ್ರವೇ ಬೇರೆಯಾಗುತ್ತದೆ. ಆ ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನೇ ಜನ ಉದ್ದ ಮಾಡಿ, ಬಣ್ಣ ಬಳಿದು, ಬೀದಿಗೆ ಇಳಿಸಿದರು. ಅದೇ ಜೀಪ್ನಿ. ಹಿಂದಿನಿಂದ ಹತ್ತಿ ಎದುರುಬದುರು ಬೆಂಚಿನಲ್ಲಿ ಕೂರಬೇಕು. ಚಿಲ್ಲರೆಯನ್ನು "ಬಯಾದ್ ಪೊ" ಅಂತ ಪಕ್ಕದವರ ಕೈಗೆ ಕೊಟ್ಟರೆ ಅದು ಕೈಯಿಂದ ಕೈಗೆ ದಾಟಿ ಡ್ರೈವರ್‌ಗೆ ಮುಟ್ಟುತ್ತದೆ. ಉಳಿದ ಚಿಲ್ಲರೆ ಹಾಗೇ ವಾಪಸ್ ಬರುತ್ತದೆ. ಜೀಪ್ನಿಯ ಹೊರಗಿನ ಬಣ್ಣದ ಫೋಟೋ ಎಲ್ಲರೂ ತೆಗೆಯುತ್ತಾರೆ. ನನಗೆ ಇಷ್ಟವಾದದ್ದು ಒಳಗಿನ ಈ ಕೈಗಳ ಸಾಲು. 2017ರಿಂದ ಸರ್ಕಾರ ಹಳೆ ಜೀಪ್ನಿಗಳನ್ನು ತೆಗೆದು ಹೊಸ ಗಾಡಿ ತರುವ ಯೋಜನೆ ನಡೆಸುತ್ತಿದೆ. ಹಳೆಯವು ಇನ್ನು ಎಷ್ಟು ವರ್ಷ ಓಡುತ್ತವೋ. ನೋಡುವ ಆಸೆ ಇದ್ದರೆ ತಡ ಮಾಡಬೇಡಿ.

ಜೀಪ್ನಿಯ ಕನ್ನಡಿಗೆ ಒಂದು ಹೂವಿನ ಮಾಲೆ ನೇತಾಡುತ್ತಿರುತ್ತದೆ. ಮೂಸಿ ನೋಡಿದರೆ ಪಕ್ಕಾ ಉಡುಪಿ ಮಲ್ಲಿಗೆ! ಅಲ್ಲಿ ಅದರ ಹೆಸರು ಸಂಪಗೀತಾ, 1934ರಿಂದ ಆ ದೇಶದ ರಾಷ್ಟ್ರೀಯ ಹೂವು. ಉಡುಪಿ ಮಲ್ಲಿಗೆಯೂ ಇದೇ ಜಾತಿಯ ಗಿಡ. ಮನಿಲಾದ ಕಿಯಾಪೊ ಚರ್ಚಿನ ಮುಂದೆ ಅಜ್ಜಿಯರು ಇದನ್ನು ಮಾಲೆ ಕಟ್ಟಿ ಮಾರುತ್ತಾರೆ. ಅಲ್ಲಿ ಶುಕ್ರವಾರ ಕಾಲಿಡಲು ಜಾಗ ಇರುವುದಿಲ್ಲ. ಮೆಕ್ಸಿಕೊದಿಂದ ಹಡಗಿನಲ್ಲಿ ಬಂದ ಕಪ್ಪು ಏಸುವಿನ ವಿಗ್ರಹ ಅಲ್ಲಿದೆ. ಪ್ರತಿ ಜನವರಿ 9ರಂದು ಅದರ ಮೆರವಣಿಗೆ. ತೇರಿನ ಹಗ್ಗ ಮುಟ್ಟಲು ಲಕ್ಷಾಂತರ ಜನ ಬರಿಗಾಲಿನಲ್ಲಿ ಬರುತ್ತಾರೆ. ಆ ದಿನ ಬೀದಿಗೆ ಇಳಿಯದೆ ಎತ್ತರದ ಜಾಗ ಹುಡುಕಿಕೊಳ್ಳುವುದು ಕ್ಯಾಮೆರಾಗೂ ಒಳ್ಳೆಯದು, ಜೀವಕ್ಕೂ ಒಳ್ಳೆಯದು.

ಊಟದ ವಿಷಯಕ್ಕೆ ಬರೋಣ. ಬೀದಿಬದಿಯ ಚಿಕ್ಕ ಹೋಟೆಲ್‌ಗೆ ಅಲ್ಲಿ ಕರಿಂದೆರಿಯಾ ಅನ್ನುತ್ತಾರೆ. ಉದ್ದದ ಮೇಜಿನ ಮೇಲೆ ಪಾತ್ರೆಗಳ ಸಾಲು. ಮುಚ್ಚಳ ಎತ್ತಿ ನೋಡಬಹುದು, ಬೆರಳು ತೋರಿಸಿ ಕೇಳಬಹುದು. ಭಾಷೆ ಬರದವರಿಗೆ ಇದು ದೊಡ್ಡ ಉಪಕಾರ. ಮೂರು ಹೊತ್ತೂ ಅನ್ನ ಇರಲೇಬೇಕು. ಬೆಳಗ್ಗೆ ಕೂಡ ರಾತ್ರಿ ಉಳಿದ ಅನ್ನವನ್ನು ಬೆಳ್ಳುಳ್ಳಿ ಹಾಕಿ ಹುರಿದು, ಒಣಮೀನು, ಮೊಟ್ಟೆಯ ಜೊತೆ ಕೊಡುತ್ತಾರೆ. ಮಧ್ಯಾಹ್ನ ಅಡೋಬೊ. ಕೋಳಿಯನ್ನೋ ಹಂದಿಯನ್ನೋ ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು, ಪಲಾವ್ ಎಲೆ ಹಾಕಿ ಬೇಯಿಸಿದ್ದು. ಫ್ರಿಜ್ ಇಲ್ಲದ ಕಾಲದಲ್ಲಿ ಈ ಸೆಕೆಗೆ ಮಾಂಸ ಕೆಡದೆ ಉಳಿಯುತ್ತಿದ್ದದ್ದು ವಿನೆಗರ್‌ನಿಂದ. ಸಿನಿಗಾಂಗ್ ಅಂತ ಒಂದು ಸಾರು ಇದೆ. ಹುಣಸೆಹಣ್ಣಿನ ಹುಳಿ ಮುಂದಾಗಿ ಇರುತ್ತದೆ. ಸಿಗಡಿ, ಮೂಲಂಗಿ, ಬದನೆ, ಒಂದು ಬಗೆಯ ನೀರು ಸೊಪ್ಪು. ಮೊದಲ ಚಮಚಕ್ಕೇ ನಾಲಿಗೆ ಅದನ್ನು ಒಪ್ಪಿಕೊಂಡಿತು. ಖಾರ ಮಾತ್ರ ಇಲ್ಲವೇ ಇಲ್ಲ. ಅದಕ್ಕೆ ಬೇರೆ ಜಾಗಕ್ಕೆ ಹೋಗಬೇಕು, ಆಮೇಲೆ ಹೇಳುತ್ತೇನೆ.

ಅಲ್ಲಿಯ ಒಂದು ರೂಢಿ ನನ್ನ ಕೆಲಸವನ್ನೇ ಬದಲಾಯಿಸಿತು. ಯಾರಾದರೂ ಊಟ ಮಾಡುತ್ತಿರುವಾಗ ನೀವು ಪಕ್ಕದಲ್ಲಿ ಹಾದು ಹೋದರೆ "ಕಾಯಿನ್ ತಾಯೊ" ಅನ್ನುತ್ತಾರೆ, ಬನ್ನಿ ಊಟ ಮಾಡೋಣ ಅಂತ. ಪರಿಚಯ ಇರಲಿ, ಇಲ್ಲದಿರಲಿ. ರಸ್ತೆ ಕೆಲಸದವರು ಬಾಳೆಎಲೆ ಹಾಸಿ ಅನ್ನ ಸುರಿದುಕೊಂಡು ಕೈಯಲ್ಲಿ ತಿನ್ನುತ್ತಿದ್ದಾಗಲೂ ನನ್ನನ್ನು ಕರೆದರು. ಕ್ಯಾಮೆರಾ ಕೆಳಗಿಟ್ಟು ಕೂತೆ. ತಿಂದು ಕೈ ತೊಳೆದ ಮೇಲೆ ಅವರೇ ಫೋಟೋ ತೆಗಿ ಅಂದರು. ಎಷ್ಟೋ ಕಡೆ ಹೀಗೇ ಆಯಿತು. ಊಟಕ್ಕೆ ಮೊದಲು ತೆಗೆದ ಚಿತ್ರದಲ್ಲಿ ಜನ ಕ್ಯಾಮೆರಾವನ್ನು ನೋಡುತ್ತಿರುತ್ತಾರೆ. ಊಟದ ನಂತರದ ಚಿತ್ರದಲ್ಲಿ ನನ್ನನ್ನು ನೋಡುತ್ತಿರುತ್ತಾರೆ. ಮುಂದಿನ ಎರಡು ಸ್ಲೈಡ್ ನೋಡಿ, ಅದೇ ಜನ, ಅದೇ ಜಾಗ. ವ್ಯತ್ಯಾಸ ನಿಮಗೇ ಕಾಣುತ್ತದೆ.

ಈಗ 20 ಪೆಸೊ ನೋಟಿನ ಜಾಗಕ್ಕೆ ಹೋಗೋಣ. ಮನಿಲಾದಿಂದ ಬನಾವೆಗೆ ರಾತ್ರಿ ಬಸ್, ಸುಮಾರು ಒಂಬತ್ತು ಗಂಟೆ ಪ್ರಯಾಣ. ಅಲ್ಲಿಂದ ಜೀಪ್ನಿಯಲ್ಲಿ ಮುಂದೆ ಹೋಗಿ, ಆಮೇಲೆ ನಡೆದು ಇಳಿದರೆ ಬತಾಡ್ ಎಂಬ ಹಳ್ಳಿ. ಸುತ್ತ ಬೆಟ್ಟ. ಅದರ ಮೈಗೆ ಬುಡದಿಂದ ತುದಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ. ನಡುವೆ ಹಳ್ಳಿಯ ಮನೆಗಳು. ಇಫುಗಾವ್ ಜನರ ಗದ್ದೆಗಳು ಇವು. 1995ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಐದು ಗುಂಪುಗಳಲ್ಲಿ ಬತಾಡ್ ಒಂದು. ನೋಟಿನ ಮೇಲಿರುವ ಬನಾವೆಯ ನೋಟದ ಜಾಗ ಆ ಪಟ್ಟಿಯಲ್ಲಿ ಇಲ್ಲ. ಎರಡು ಸಾವಿರ ವರ್ಷ ಹಳೆಯದು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಪುರಾತತ್ವ ತಜ್ಞ ಸ್ಟೀಫನ್ ಅಕಬಾಡೊ ಅವರು ಅಗೆದು ನೋಡಿ ಹೇಳಿದ್ದು ಬೇರೆ. ಭತ್ತದ ಗದ್ದೆಗಳು ಇಷ್ಟು ದೊಡ್ಡದಾಗಿ ಹರಡಿದ್ದು ಸುಮಾರು ನಾನೂರು ವರ್ಷದ ಹಿಂದೆ, ಸ್ಪೇನಿನವರು ಬಯಲಿಗೆ ಬಂದ ಮೇಲೆ, ಅವರಿಂದ ದೂರ ಉಳಿಯಲು ಜನ ಬೆಟ್ಟ ಏರಿದಾಗ ಅಂತ ಅವರ ವಾದ. ನನಗೆ ಈ ಎರಡನೇ ಕಥೆಯೇ ದೊಡ್ಡದು ಅನಿಸುತ್ತದೆ. ಯಾರ ಕೈಗೂ ಸಿಗದೆ ಬದುಕುತ್ತೇವೆ ಅಂತ ಹಟ ಹಿಡಿದ ಜನ ಕೆಲವೇ ತಲೆಮಾರುಗಳಲ್ಲಿ ಬೆಟ್ಟಗಳನ್ನೇ ಗದ್ದೆ ಮಾಡಿದರು ಅಂದರೆ ಸಣ್ಣ ಮಾತಾ?

ಮೇಲೆ ನೋಟದ ಜಾಗದಲ್ಲಿ ನಿಂತು ಒಂದು ವೈಡ್ ಲೆನ್ಸ್ ಫೋಟೋ ತೆಗೆದರೆ ಎಲ್ಲರ ಫೋಟೋ ಥರವೇ ಬರುತ್ತದೆ. ಕೆಳಗೆ ಇಳಿಯಬೇಕು. ಬದುವಿನ ಮೇಲೆ ನಡೆಯಬೇಕು. ಬತಾಡ್‌ನಲ್ಲಿ ಗೋಡೆಗಳು ಕಲ್ಲಿನವು. ಕೆಲವು ಕಡೆ ಆಳಿಗಿಂತ ಎತ್ತರ. ಒಂದು ಹಂತದಿಂದ ಇನ್ನೊಂದಕ್ಕೆ ಏರಲು ಗೋಡೆಯಿಂದ ಹೊರಗೆ ಚಾಚಿದ ಕಲ್ಲುಗಳೇ ಮೆಟ್ಟಿಲು. ಬೆಳಗ್ಗೆ ಹೋದರೆ ಯಾರಾದರೂ ಒಬ್ಬರು ಗೋಡೆ ರಿಪೇರಿ ಮಾಡುತ್ತಲೇ ಇರುತ್ತಾರೆ. ಮಳೆಗೆ ಒಂದು ಕಲ್ಲು ಜಾರಿದರೆ ಅವತ್ತೇ ಕೂರಿಸಬೇಕು. ಬಿಟ್ಟರೆ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಯನ್ನೂ ಎಳೆದುಕೊಂಡು ಹೋಗುತ್ತದೆ. ನೀರು ಬರುವುದು ಬೆಟ್ಟದ ತುದಿಯ ಕಾಡಿನಿಂದ. ಆ ಕಾಡಿಗೆ ಮುಯೊಂಗ್ ಅನ್ನುತ್ತಾರೆ, ಮನೆತನಗಳೇ ಅದನ್ನು ನೋಡಿಕೊಳ್ಳುತ್ತವೆ. ಕಾಡು ಹೋದರೆ ನೀರು ಹೋಯಿತು, ನೀರು ಹೋದರೆ ಗದ್ದೆ ಹೋಯಿತು. ಬೆಟ್ಟದ ತುದಿಯ ಮರಗಳನ್ನು ಚಿತ್ರದ ಚೌಕಟ್ಟಿನಿಂದ ಕತ್ತರಿಸಬೇಡಿ ಅಂತ ನಾನು ಹೇಳುವುದು ಅದಕ್ಕೆ.

ನಾನು ಉಳಿದಿದ್ದ ಮನೆಯ ಅಮ್ಮ ಬೆಳಗ್ಗೆ ಗದ್ದೆಯಿಂದ ಬರುವಾಗ ಬುಟ್ಟಿ ತುಂಬ ಬಸವನಹುಳು ತರುತ್ತಿದ್ದರು. ಊಟಕ್ಕೆ ಅಂತ ತಿಳಿದೆ. ಅವು ಶತ್ರುಗಳು. ಜನ ಸಾಕಿ ತಿನ್ನಲಿ ಅಂತ 1980ರ ದಶಕದಲ್ಲಿ ದಕ್ಷಿಣ ಅಮೆರಿಕದಿಂದ ದೇಶಕ್ಕೆ ತಂದ ಹುಳು. ಗದ್ದೆಗೆ ಇಳಿದು ಎಳೆ ಸಸಿಗಳನ್ನೇ ತಿನ್ನಲು ಶುರು ಮಾಡಿತು. ಈಗ ಹೆಂಗಸರು ಕೈಯಿಂದ ಹೆಕ್ಕಿ ತೆಗೆಯುತ್ತಾರೆ. ದೊಡ್ಡ ಎರೆಹುಳುಗಳು ಬದುವಿನಲ್ಲಿ ಬಿಲ ಕೊರೆದು ನೀರು ಸೋರುವಂತೆ ಮಾಡುತ್ತವೆ. ಎಲ್ಲಕ್ಕಿಂತ ಹೆಚ್ಚಿನ ಕಷ್ಟ ಅಂದರೆ ಹುಡುಗರು ಊರು ಬಿಟ್ಟು ಬಾಗಿಯೊ ನಗರಕ್ಕೆ, ಮನಿಲಾಕ್ಕೆ, ಹೊರದೇಶಕ್ಕೆ ಹೋಗುವುದು. ನಮ್ಮ ಮಲೆನಾಡಿನಲ್ಲೂ ಇದೇ ಮಾತು ಕೇಳುತ್ತೇವೆ, ಅಲ್ವಾ? ಈ ಎಲ್ಲ ಕಾರಣಕ್ಕೆ 2001ರಲ್ಲಿ ಯುನೆಸ್ಕೊ ಈ ಗದ್ದೆಗಳನ್ನು ಅಪಾಯದಲ್ಲಿರುವ ಜಾಗ ಅಂತ ಗುರುತಿಸಿತು. ದುರಸ್ತಿ ನಡೆದು 2012ರಲ್ಲಿ ಆ ಪಟ್ಟಿಯಿಂದ ಹೊರಗೆ ಬಂತು.

ಅಲ್ಲಿಯ ಸ್ಥಳೀಯ ಭತ್ತ ತಿನಾವೊನ್. ವರ್ಷಕ್ಕೆ ಒಂದೇ ಬೆಳೆ. ಆ ಮನೆಯಲ್ಲಿ ಅದರ ಅನ್ನವನ್ನು ಹುರುಳಿಯಂಥ ಕಾಳಿನ ಪಲ್ಯದ ಜೊತೆ ಬಡಿಸಿದರು. ಕಾಳು ಕಾಳಾಗಿ, ಸ್ವಲ್ಪ ಅಂಟು, ಒಳ್ಳೆ ಪರಿಮಳ. ಒಂದು ಕಾಲದಲ್ಲಿ ಇದು ಅನುಕೂಲಸ್ಥರ ಊಟ ಆಗಿತ್ತು. ಬಡವರು ದಿನಾ ತಿನ್ನುತ್ತಿದ್ದದ್ದು ಗೆಣಸು. ಗದ್ದೆ ಕಣ್ಣ ಮುಂದೆ ಇದ್ದರೂ ಅನ್ನ ಎಲ್ಲರ ಪಾಲಿಗೆ ಇರಲಿಲ್ಲ ಎನ್ನುವುದನ್ನು ಆ ದೊಡ್ಡ ನೋಟದ ಫೋಟೋ ಹೇಳುವುದಿಲ್ಲ. ಬಿತ್ತನೆ, ಕೊಯ್ಲು, ಸಾವಿನ ಮನೆ, ಇಂಥ ಹೊತ್ತಿನಲ್ಲಿ ಇಫುಗಾವ್ ಹೆಂಗಸರು ಹುದ್‌ಹುದ್ ಎಂಬ ಉದ್ದದ ಹಾಡುಗಬ್ಬ ಹಾಡುತ್ತಾರೆ. ಸಾವಿನ ಮನೆಯ ಹಾಡನ್ನು ನಾನು ಹೊರಗೆ ಕೂತು ಕೇಳಿದೆ, ಕ್ಯಾಮೆರಾ ತೆಗೆಯಲಿಲ್ಲ. ಬನಾವೆಯ ನೋಟದ ಜಾಗದಲ್ಲಿ ಗರಿಯ ಕಿರೀಟ ತೊಟ್ಟ ಹಿರಿಯರು ಕೂತಿರುತ್ತಾರೆ. ಫೋಟೋ ತೆಗೆದರೆ ದುಡ್ಡು ಕೇಳುತ್ತಾರೆ. ಕೆಲವರು ಇದಕ್ಕೆ ಬೇಜಾರು ಮಾಡಿಕೊಳ್ಳುತ್ತಾರೆ. ನನ್ನ ಪ್ರಕಾರ ಕೊಡಬೇಕು. ಅವರ ಮುಖ ನಮ್ಮ ಗೋಡೆಯ ಮೇಲೆ ವರ್ಷಗಟ್ಟಲೆ ಇರುತ್ತದೆ. ಅದಕ್ಕೆ ಒಂದು ಹೊತ್ತಿನ ಊಟದ ದುಡ್ಡು ಜಾಸ್ತಿ ಏನಲ್ಲ.

ಭತ್ತದ ಮಾತು ಬಂದಾಗ ಇನ್ನೊಂದು ಜಾಗ ಹೇಳಲೇಬೇಕು. ಮನಿಲಾದ ದಕ್ಷಿಣಕ್ಕೆ ಲಾಸ್ ಬನ್ಯೋಸ್ ಅಂತ ಊರಿದೆ. 1960ರಲ್ಲಿ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಶುರುವಾದದ್ದು ಅಲ್ಲೇ. ನಮ್ಮ ರೈತರ ಬಾಯಲ್ಲಿ ಇವತ್ತಿಗೂ ಇರುವ ಐಆರ್ 64 ತಳಿ ಹುಟ್ಟಿದ್ದು ಅಲ್ಲಿ, 1985ರಲ್ಲಿ ಹೊರಬಂತು. ಎಂ.ಎಸ್. ಸ್ವಾಮಿನಾಥನ್ 1982ರಿಂದ 1988ರವರೆಗೆ ಅದರ ಮುಖ್ಯಸ್ಥರಾಗಿದ್ದರು. ಗಂಗಾವತಿಯ ಗದ್ದೆಗೂ ಈ ಊರಿಗೂ ಹೀಗೊಂದು ನೆಂಟಸ್ತಿಕೆ. ಇನ್ನೊಂದು ನಂಟು ಮನಿಲಾದ್ದೇ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿ ಆ ನಗರದ್ದು. ಕೊಲ್ಲಿಯ ದಂಡೆಯ ರಸ್ತೆಯಲ್ಲಿ ಆ ಸಂಸ್ಥೆಯ ಕಟ್ಟಡ ಇದೆ. ಮನಿಲಾ ಕೊಲ್ಲಿಯ ಸೂರ್ಯಾಸ್ತ ತೆಗೆಯಲು ಹೋದವರು ಅದನ್ನೂ ನೋಡಿ ಬರಬಹುದು.

ಅಕ್ಕಿಯಿಂದ ಒಂದು ಊರನ್ನೇ ಸಿಂಗರಿಸುವುದನ್ನು ನೋಡಬೇಕಾದರೆ ಮೇ 15ಕ್ಕೆ ಲುಕ್ಬಾನ್‌ಗೆ ಹೋಗಿ. ಬನಹಾವ್ ಬೆಟ್ಟದ ಬುಡದ ಊರು. ರೈತರ ಸಂತ ಸಾನ್ ಇಸಿದ್ರೊ ಹೆಸರಿನ ಹಬ್ಬ, ಪಾಹಿಯಾಸ್ ಅಂತ. ಅಕ್ಕಿ ಹಿಟ್ಟನ್ನು ಕಲಸಿ, ನಿಜವಾದ ಎಲೆಯ ಮೇಲೆ ತೆಳ್ಳಗೆ ಹಚ್ಚಿ, ಹಬೆಯಲ್ಲಿ ಬೇಯಿಸಿ, ಎಲೆಯನ್ನು ಸುಲಿದು ಒಣಗಿಸುತ್ತಾರೆ. ಎಲೆಯ ನರ ನರವೂ ಮೂಡಿದ ಬಣ್ಣದ ಹಾಳೆ ಸಿಗುತ್ತದೆ. ಅದೇ ಕೀಪಿಂಗ್. ಅವನ್ನು ಸಾವಿರಗಟ್ಟಲೆ ಪೋಣಿಸಿ ಮನೆಯ ಮುಂದೆ ಇಳಿಬಿಡುತ್ತಾರೆ. ಜೊತೆಗೆ ಭತ್ತದ ತೆನೆ, ಮೂಲಂಗಿ, ಕುಂಬಳ, ತೆಂಗಿನಕಾಯಿ, ಬಾಳೆಗೊನೆ. ಮನೆಯವರು ಏನು ಬೆಳೆದರೋ, ಏನು ಮಾಡಿ ಮಾರುತ್ತಾರೋ ಅದೇ ಅಲಂಕಾರ. ಟೋಪಿ ಹೆಣೆಯುವವರ ಮನೆಗೆ ಟೋಪಿಗಳೇ ತೋರಣ. ಮೆರವಣಿಗೆ ಹೋಗುವ ಬೀದಿ ಪ್ರತಿ ವರ್ಷ ಬದಲಾಗುತ್ತದೆ. ಹಾಗಾಗಿ ಎಲ್ಲ ಬೀದಿಗೂ ಸರದಿ ಬರುತ್ತದೆ.

ನಾನು ಹಬ್ಬದ ಹಿಂದಿನ ರಾತ್ರಿಯೇ ಅಲ್ಲಿದ್ದೆ. ನನಗೆ ಬೇಕಾಗಿದ್ದ ಚಿತ್ರ ಆ ರಾತ್ರಿಯದ್ದೇ. ಏಣಿ ಮೇಲೆ ಅಪ್ಪ, ಕೆಳಗೆ ತಂತಿ ಹಿಡಿದ ಮಗಳು, ಮುರಿದ ಕೀಪಿಂಗ್ ತುಂಡುಗಳನ್ನು ಬೇರೆ ಬುಟ್ಟಿಗೆ ಹಾಕುತ್ತಿದ್ದ ಅಜ್ಜಿ. ಒಂದು ಟ್ಯೂಬ್‌ಲೈಟ್ ಬೆಳಕು. ಫ್ಲಾಶ್ ಹಾಕಲಿಲ್ಲ, ಕ್ಯಾಮೆರಾ ಬೆಳಕು ಹಿಡಿಯುವ ಮಟ್ಟ, ಅಂದರೆ ಐಎಸ್ಒ, ಏರಿಸಿದೆ, ಚಿತ್ರದಲ್ಲಿ ಸ್ವಲ್ಪ ಕಾಳು ಕಾಳು ಬಂದರೂ ಪರವಾಗಿಲ್ಲ. ನಡುರಾತ್ರಿ ಅವರು ನೂಡಲ್ಸ್ ತಂದುಕೊಟ್ಟರು. ಪಾನ್ಸಿತ್ ಹಬ್‌ಹಬ್. ಬಾಳೆಎಲೆ ತುಂಡಿನ ಮೇಲೆ ಹಾಕಿ, ಮೇಲೆ ವಿನೆಗರ್ ಸುರಿದು, ಚಮಚ ಇಲ್ಲದೆ, ಕೈ ಹಾಕದೆ, ಎಲೆಯನ್ನೇ ಬಾಯಿಗೆ ಹಿಡಿದು ತಿನ್ನಬೇಕು. ಎಲ್ಲರೂ ನಗುತ್ತಿದ್ದರು. ಆ ನಗು ಮರುದಿನದ ಮೆರವಣಿಗೆಯ ಯಾವ ಚಿತ್ರದಲ್ಲೂ ಸಿಗಲಿಲ್ಲ.

ಖಾರದ ಜಾಗ ಅಂದೆನಲ್ಲ, ಅದು ಬಿಕೊಲ್. ಲುಜೋನ್‌ನ ಆಗ್ನೇಯ ತುದಿ. 100 ಪೆಸೊ ನೋಟಿನ ಮಯೋನ್ ಇಲ್ಲೇ ಇರುವುದು. ಸಮುದ್ರದ ಮಟ್ಟದಿಂದ ಸುಮಾರು 2,460 ಮೀಟರ್. ಅಂಥ ತಿದ್ದಿದ ಶಂಕುವಿನ ಆಕಾರ ಬೇರೆ ಬೆಟ್ಟಕ್ಕೆ ಇಲ್ಲ. 1814ರ ಫೆಬ್ರವರಿ 1ರಂದು ಅದು ಸಿಡಿದಾಗ ಕಾಗ್ಸಾವಾ ಊರು ಮುಚ್ಚಿಹೋಯಿತು. ಸುಮಾರು 1,200 ಜನ ಸತ್ತರು. ಚರ್ಚಿನ ಗಂಟೆಗೋಪುರ ಮಾತ್ರ ಇವತ್ತಿಗೂ ನೆಲದಿಂದ ಮೇಲೆ ನಿಂತಿದೆ. ಗೋಪುರ ಮುಂದೆ, ಬೆಟ್ಟ ಹಿಂದೆ, ಇದು ಎಲ್ಲರೂ ತೆಗೆಯುವ ಚಿತ್ರ. ನೀವೂ ತೆಗೆಯಿರಿ. ಆದರೆ ಬೆಳಗ್ಗೆ ಆರರೊಳಗೆ ಅಲ್ಲಿರಿ. ಬಿಸಿಲೇರುತ್ತಿದ್ದ ಹಾಗೆ ಮೋಡ ತುದಿಯನ್ನು ಮುಚ್ಚಿಬಿಡುತ್ತದೆ. ಆಮೇಲೆ ಕ್ಯಾಮೆರಾವನ್ನು ತಿರುಗಿಸಿ ಬೆಟ್ಟದ ಬುಡ ನೋಡಿ. ತೆಂಗು, ಗದ್ದೆ, ಅಬಾಕಾ ತೋಟ. ಅಬಾಕಾ ಅಂದರೆ ಬಾಳೆಯ ಜಾತಿಯ ಗಿಡ, ಅದರ ನಾರಿನಿಂದ ಹಡಗಿನ ಹಗ್ಗ ಮಾಡುತ್ತಿದ್ದರು. ಬೆಟ್ಟದ ಸುತ್ತ ಆರು ಕಿಲೋಮೀಟರ್ ಯಾರೂ ಇರಬಾರದು ಅಂತ ಕಾನೂನು ಇದೆ. ಆದರೆ ಬೂದಿ ಬಿದ್ದ ಮಣ್ಣು ಫಲವತ್ತು. ಹಾಗಾಗಿ ಪ್ರತಿ ಸಲ ಬೆಟ್ಟ ಸಿಡಿದಾಗ ಜನ ಹೊರಡುತ್ತಾರೆ, ತಣ್ಣಗಾದ ಮೇಲೆ ಮತ್ತೆ ಬರುತ್ತಾರೆ.

ಅಲ್ಲಿಯ ಅಡುಗೆಗೆ ತೆಂಗಿನ ಹಾಲೇ ಆಧಾರ. ಮನೆ ಹಿತ್ತಲಲ್ಲಿ ಹಲ್ಲಿನ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದವರನ್ನು ಕಂಡು ನನಗೆ ನಮ್ಮಮ್ಮನ ಅಡುಗೆಮನೆ ನೆನಪಾಯಿತು. ಮಣೆಯೂ ಹೆಚ್ಚುಕಡಿಮೆ ಅದೇ. ಲಾಯಿಂಗ್ ಅಂತ ಒಂದು ಅಡುಗೆ. ಕೆಸುವಿನ ಎಲೆಯನ್ನು ಒಣಗಿಸಿ, ತೆಂಗಿನ ಹಾಲಿನಲ್ಲಿ, ಶುಂಠಿ, ಮೆಣಸಿನಕಾಯಿ, ಸಿಗಡಿಯ ಉಪ್ಪು ಗೊಜ್ಜು ಹಾಕಿ ನಿಧಾನ ಉರಿಯಲ್ಲಿ ಬೇಯಿಸುತ್ತಾರೆ. ಎಲೆ ಬೇಯುವವರೆಗೆ ಸೌಟು ಹಾಕಿ ತಿರುವಬಾರದು, ತಿರುವಿದರೆ ಗಂಟಲು ತುರಿಸುತ್ತದೆ ಅಂತ ಅವರ ನಂಬಿಕೆ. ಕೆಸುವಿನ ತುರಿಕೆಗೆ ನಮ್ಮಲ್ಲಿ ಹುಣಸೆಹುಳಿ ಹಾಕುತ್ತೇವೆ ಅಂದೆ. ಅಡುಗೆ ಮಾಡುತ್ತಿದ್ದ ಅಕ್ಕನಿಗೆ ಅದು ಬಹಳ ಹಿಡಿಸಿತು. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಅಂತೆಲ್ಲ ಕೇಳಿದರು. ಹಂದಿಮಾಂಸ, ತೆಂಗಿನ ಹಾಲು, ರಾಶಿ ಹಸಿಮೆಣಸಿನಕಾಯಿಯ ಇನ್ನೊಂದು ಅಡುಗೆಗೆ ಬಿಕೊಲ್ ಎಕ್ಸ್‌ಪ್ರೆಸ್ ಅಂತ ಹೆಸರು. ಹಂದಿ ತಿನ್ನದವರು ಅದರ ರಸವನ್ನು ಮಾತ್ರ ಅನ್ನಕ್ಕೆ ಕೇಳುವುದೂ ಸರಿ ಹೋಗದು, ಅದು ಮಾಂಸದ ಜೊತೆಗೇ ಬೆಂದಿರುತ್ತದೆ.

ಇಲ್ಲಿ ಸಸ್ಯಾಹಾರಿಗಳು ಇದ್ದೀರಿ, ಗೊತ್ತು. ಸ್ವಲ್ಪ ಕಷ್ಟ ಇದೆ. ತರಕಾರಿ ಪಲ್ಯಕ್ಕೂ ಸಿಗಡಿ ಗೊಜ್ಜು ಬೀಳುತ್ತದೆ. ಹೆಸರುಕಾಳಿನ ಸಾರು ಶುಕ್ರವಾರ ಎಲ್ಲ ಕಡೆ ಸಿಗುತ್ತದೆ, ಅದರಲ್ಲೂ ಮೀನೋ ಹಂದಿಯೋ ಇರಬಹುದು. ಕೇಳಿ ತಿನ್ನಬೇಕು. ಸಿಹಿ ಮತ್ತು ಅಕ್ಕಿ ತಿಂಡಿಗಳಲ್ಲಿ ಆರಾಮ. ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಸುಮನ್, ಹಬೆಯಲ್ಲಿ ಬೆಂದ ಪುತೊ, ಸಕ್ಕರೆ ಲೇಪಿಸಿ ಕರಿದ ಬಾಳೆಹಣ್ಣು, ಗುಯಿಮಾರಸ್ ದ್ವೀಪದ ಮಾವು. ಮಾವಿನ ವಿಷಯದಲ್ಲಿ ನಾನು ಪಕ್ಷಪಾತಿ, ಆದರೂ ಗುಯಿಮಾರಸ್ ಹಣ್ಣಿಗೆ ಪೂರ್ತಿ ಅಂಕ ಕೊಡುತ್ತೇನೆ.

ಸಮುದ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಲವಾನ್ ಕಡೆಯ ಎಲ್ ನಿಡೊ, ಕೊರೊನ್ ಕಡಲತೀರಗಳ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ, ಅವು ಇರುವುದು ಹಾಗೇ. ಆದರೆ ಪ್ರಾಣಿಗಳ ಫೋಟೋ ಬಗ್ಗೆ ಒಂದು ಮಾತು ಹೇಳಬೇಕು. ಬೊಹೋಲ್‌ನಲ್ಲಿ ಟಾರ್ಸಿಯರ್ ಅಂತ ಮುಷ್ಟಿ ಗಾತ್ರದ ಪ್ರಾಣಿ ಇದೆ. 200 ಪೆಸೊ ನೋಟಿನ ಮೇಲಿದೆ. ಅದರ ಒಂದೊಂದು ಕಣ್ಣೂ ಅದರ ಮೆದುಳಿನಷ್ಟು ದೊಡ್ಡದು. ರಾತ್ರಿ ಬೇಟೆಯಾಡಿ ಹಗಲು ಮಲಗುವ ಜೀವ. ಹಗಲು ಅದರ ಕಣ್ಣು ತೆರೆಸಲು ಗಲಾಟೆ ಮಾಡಿಸುವ, ಕೈಯಲ್ಲಿ ಹಿಡಿಸುವ ಜಾಗಗಳಿಗೆ ಹೋಗಬೇಡಿ. ಕೊರೆಯ್ಯಾದ ರಕ್ಷಿತ ಜಾಗಕ್ಕೆ ಹೋಗಿ. ಉದ್ದ ಲೆನ್ಸ್ ಇರಲಿ, ಫ್ಲಾಶ್ ಬೇಡವೇ ಬೇಡ, ಮಾತು ಮೆಲ್ಲಗೆ. ಕಣ್ಣು ಮುಚ್ಚಿದ ಟಾರ್ಸಿಯರ್ ಚಿತ್ರ ಸಿಕ್ಕಿದರೆ ಅದೇ ಸರಿಯಾದ ಚಿತ್ರ.

ತಿಮಿಂಗಿಲ ಶಾರ್ಕ್ ವಿಷಯವೂ ಹೀಗೇ. ಸೆಬು ದ್ವೀಪದ ಒಸ್ಲೊಬ್‌ನಲ್ಲಿ ಸಿಗಡಿ ಸುರಿದು ಅವನ್ನು ದಿನಾ ಬೆಳಗ್ಗೆ ದಡದ ಹತ್ತಿರ ಕರೆಯುತ್ತಾರೆ. ಫೋಟೋ ಖಂಡಿತ ಸಿಗುತ್ತದೆ. ಬಿಕೊಲ್‌ನ ದೊನ್ಸೊಲ್‌ನಲ್ಲಿ 1998ರಿಂದ ಬೇರೆ ಪದ್ಧತಿ. ಆಹಾರ ಹಾಕುವುದಿಲ್ಲ, ಮುಟ್ಟುವಂತಿಲ್ಲ, ಫ್ಲಾಶ್ ಇಲ್ಲ, ಒಂದು ಮೀನಿಗೆ ಒಂದೇ ದೋಣಿ. ಊರಿನ ಮೀನುಗಾರರೇ ದೋಣಿಯ ತುದಿಯಲ್ಲಿ ನಿಂತು ನೀರಿನ ಬಣ್ಣ ನೋಡಿ ಹುಡುಕುತ್ತಾರೆ. ಕೆಲವು ದಿನ ಏನೂ ಕಾಣುವುದಿಲ್ಲ. ನಾನು ದೊನ್ಸೊಲ್ ಆರಿಸಿಕೊಂಡೆ. ಮೊದಲ ದಿನ ಖಾಲಿ ಕೈ. ಆ ದಿನ ದೋಣಿಯವರು ದಡದಲ್ಲಿ ಕಿನಿಲಾವ್ ಮಾಡಿದರು. ಆಗಷ್ಟೇ ಹಿಡಿದ ಮೀನನ್ನು ತುಂಡು ಮಾಡಿ, ತೆಂಗಿನ ಕಳ್ಳಿನಿಂದ ಆದ ವಿನೆಗರ್, ಶುಂಠಿ, ಈರುಳ್ಳಿ, ಮೆಣಸಿನಕಾಯಿ ಹಾಕಿ ಕಲಸುತ್ತಾರೆ. ಬೆಂಕಿ ಇಲ್ಲ, ಹುಳಿಯಲ್ಲೇ ಮೀನು ಬೆಳ್ಳಗಾಗುತ್ತದೆ. ದೋಣಿಯ ಹಲಗೆಯೇ ಮಣೆ. ಆ ಹಲಗೆ, ಚಾಕು ಹಿಡಿದ ಕೈ, ಹಿಂದೆ ದೋಣಿ ಮಗುಚದಂತೆ ಪಕ್ಕಕ್ಕೆ ಕಟ್ಟಿದ ಬಿದಿರಿನ ರೆಕ್ಕೆ, ಈ ಚಿತ್ರ ನನ್ನ ಫೋಟೋ ಪ್ರದರ್ಶನದ ನಡುವಿನ ಗೋಡೆಯಲ್ಲಿದೆ. ಮರುದಿನ ಮೀನು ಕಂಡಿತು. ಅದರ ಚಿತ್ರ ಅಷ್ಟು ಸ್ಪಷ್ಟ ಇಲ್ಲ, ನೀರು ಕದಡಿತ್ತು. ಅದನ್ನೂ ಪಕ್ಕದಲ್ಲೇ ಹಾಕಿದ್ದೇನೆ.

ಯಾವಾಗ ಹೋಗಬೇಕು ಅಂತ ತುಂಬಾ ಜನ ಕೇಳುತ್ತೀರಿ. ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. ದ್ವೀಪದಿಂದ ದ್ವೀಪಕ್ಕೆ ಹೋಗುವ ಯೋಜನೆ ಇದ್ದರೆ ಆಗ ಬೇಡ. ಗದ್ದೆಗಳಲ್ಲಿ ನೀರು ತುಂಬಿ ಆಕಾಶ ಕಾಣಬೇಕಾದರೆ ವರ್ಷದ ಮೊದಲ ತಿಂಗಳುಗಳು. ದೊನ್ಸೊಲ್‌ಗೆ ಫೆಬ್ರವರಿಯಿಂದ ಮೇ. ಚಾಕೊಲೇಟ್ ಬೆಟ್ಟಗಳ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗುವುದೂ ಬೇಸಿಗೆಯಲ್ಲೇ. ಮೇ 15 ಲುಕ್ಬಾನ್. ಡಿಸೆಂಬರ್ 16ರಿಂದ 24ರವರೆಗೆ ನಸುಕಿನಲ್ಲೇ ಚರ್ಚಿನಲ್ಲಿ ಪ್ರಾರ್ಥನೆ ಇರುತ್ತದೆ. ಹೊರಗೆ ಬಿದಿರಿನ ಕೊಳವೆಯಲ್ಲಿ ನೇರಳೆ ಬಣ್ಣದ ಅಕ್ಕಿ ತಿಂಡಿ ಬೇಯಿಸುತ್ತಾರೆ. ಬಾಳೆಎಲೆಯ ಮೇಲೆ ಬಡಿಸಿ ಬೆಣ್ಣೆ, ತೆಂಗಿನ ತುರಿ, ಸಕ್ಕರೆ ಹಾಕಿ ಕೊಡುತ್ತಾರೆ. ಹೆಸರು ಪುತೊ ಬುಂಬೊಂಗ್. ಸಸ್ಯಾಹಾರಿಗಳಿಗೂ ನಡೆಯುತ್ತದೆ. 2025ರಿಂದ ಭಾರತದವರಿಗೆ 14 ದಿನದ ಪ್ರವಾಸಕ್ಕೆ ವೀಸಾ ಬೇಕಿಲ್ಲ. ಹೊರಡುವ ಮೊದಲು ನಿಯಮ ಒಮ್ಮೆ ನೋಡಿಕೊಳ್ಳಿ.

ಈಗ ನಿಮ್ಮ ಪ್ರಶ್ನೆಗಳು. ಲೆನ್ಸ್ ಬಗ್ಗೆ ಕೇಳುವವರು ಮುಂದೆ ಬನ್ನಿ, ಚೀಲ ತಂದಿದ್ದೇನೆ. ಲಾಯಿಂಗ್ ಮಾಡುವ ವಿಧಾನ ಬೇಕಾದವರು ಕಾಗದ, ಪೆನ್ನು ತೆಗೆದುಕೊಳ್ಳಿ.